ಸಬ್‌ಟೈಟಲ್ ನುಂಗಿದ ಕನ್ನಡ

ಈಚೆಗೆ ನಾನು ನೋಡಿದ ಮೂರು ಸಿನಿಮಾ ಮತ್ತೆ ಒಂದು ವೆಬ್ ಸರಣಿ ಬಗ್ಗೆ ಇವತ್ತು ಎರಡೆರಡು ಮಾತು ಹೇಳ್ತೀನಿ. ಇದು ವಿಮರ್ಶೆ ಅಲ್ಲ, ನನಗೆ ಅನ್ನಿಸಿದ್ದು ಅಷ್ಟೆ.

ನಾನು ಬೆಳೆದದ್ದು ಮೆಲ್ಬರ್ನ್‌ನಲ್ಲಿ. ನನ್ನ ಕನ್ನಡ ಅಡುಗೆಮನೆ ಮತ್ತು ಕಾರಿನ ಹಿಂದಿನ ಸೀಟಿನ ಕನ್ನಡ. ಊಟ ಆಯ್ತಾ, ಬೇಗ ಹೊರಡು, ಅಜ್ಜಿಗೆ ಫೋನ್ ಮಾಡು, ಇಷ್ಟು. ಹಾಗಾಗಿ ಸಿನಿಮಾ ನೋಡೋದು ಸಬ್‌ಟೈಟಲ್ ಹಾಕಿಕೊಂಡೇ. ನಿಮ್ಮಲ್ಲೂ ತುಂಬಾ ಜನ ಹಾಗೇ ಅಂತ ಗೊತ್ತು.

ಮೊದಲನೆಯದು ರಾಮ್ ರೆಡ್ಡಿ ಅವರ 'ತಿಥಿ', 2015ರ ಚಿತ್ರ. ಮಂಡ್ಯ ಕಡೆಯ ಹಳ್ಳಿಯಲ್ಲಿ 101 ವರ್ಷದ ಸೆಂಚುರಿ ಗೌಡ ತೀರಿಹೋಗ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಮೊಮ್ಮಗನಿಗೆ ಜಮೀನು ಮಾರಲೇಬೇಕು. ಅದಕ್ಕೋಸ್ಕರ ಬದುಕಿರೋ ಅಪ್ಪ ಸತ್ತಿದ್ದಾನೆ ಅಂತ ಕಾಗದ ಮಾಡಿಸ್ತಾನೆ! ನಟಿಸಿದವರು ಹಳ್ಳಿಯ ಜನರೇ. ನಿಧಾನ ಇದೆ, ಆದರೆ ನಾನು ಬಿದ್ದು ಬಿದ್ದು ನಕ್ಕೆ. ಒಂದು ವಿಷಯ ಗಮನಿಸಿ. ಮಂಡ್ಯದ ಮಾತಿನ 'ಲಾ' ಬೈಗುಳವೂ ಆಗುತ್ತೆ, ಸಲಿಗೆಯೂ ಆಗುತ್ತೆ. ಯಾವುದು ಅನ್ನೋದು ದನಿಯಲ್ಲಿರುತ್ತೆ. ಸಬ್‌ಟೈಟಲ್‌ನಲ್ಲಿ ಅದು ಇರೋದೇ ಇಲ್ಲ.

ಎರಡನೆಯದು ಜೈಶಂಕರ್ ಆರ್ಯರ್ ಅವರ 'ಶಿವಮ್ಮ'. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡೋ ಹೆಂಗಸು. ಮನೆ ಕಷ್ಟ ತೀರುತ್ತೆ ಅಂತ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಇಳಿದು, ಶಕ್ತಿ ಕೊಡೋ ಪುಡಿ ಮಾರೋಕೆ ಹೊರಡ್ತಾಳೆ. ಗಿರಾಕಿಗಳು ಬೇರೆ ಯಾರೂ ಅಲ್ಲ, ಊರವರೇ, ನಂಟರೇ. ಸಂಘದ ಹಬ್ಬದೂಟದಲ್ಲಿ ಪಕ್ಕ ಬಂದು ಕೂತು "ಒಂದು ಒಳ್ಳೆ ಅವಕಾಶ ಇದೆ" ಅನ್ನೋ ಅಂಕಲ್ ನಿಮಗೂ ಸಿಕ್ಕಿರಬೇಕು! ಅವರನ್ನ ಕಂಡರೆ ತಪ್ಪಿಸಿಕೊಳ್ತೀವಿ. ಶಿವಮ್ಮನನ್ನ ನೋಡಿದ ಮೇಲೆ, ಅಂಥವರ ಹಿಂದೆ ಯಾವ ಸಾಲ ಇರಬಹುದು ಅಂತ ಯೋಚನೆ ಬಂತು. ಆ ಕಡೆ ಮಾತಿಗೊಂದು 'ರಿ' ಸೇರಿಸಿದರೆ ಮರ್ಯಾದೆ. ಇಂಗ್ಲಿಷಿನಲ್ಲಿ ಎಲ್ಲರೂ ಬರೀ 'ಯೂ'.

ಮೂರನೆಯದು ಪೂರ್ಣಚಂದ್ರ ತೇಜಸ್ವಿ ಅವರ ಕತೆ ಆಧರಿಸಿದ 2023ರ 'ಡೇರ್‌ಡೆವಿಲ್ ಮುಸ್ತಫಾ'. ಅಬಚೂರಿನ ಕಾಲೇಜಿಗೆ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಬರ್ತಾನೆ. ಉಳಿದವರು ಅವನ ಬಗ್ಗೆ ಏನೇನೋ ಕಲ್ಪಿಸಿಕೊಳ್ತಾರೆ. ನನ್ನ ಪ್ರಕಾರ ಅಬ್ಬರ ಸ್ವಲ್ಪ ಜಾಸ್ತಿಯಾಯ್ತು. ಆದರೆ ಕ್ಲಾಸಿಗೆಲ್ಲ ನಾವೊಬ್ಬರೇ ಬೇರೆ ಹೆಸರಿನವರು, ಬೇರೆ ಡಬ್ಬಿಯವರು ಆಗಿದ್ದ ನಮಗೆ ಮುಸ್ತಫಾನ ಪಾಡು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಬಹುಸಂಖ್ಯಾತರ ಬೆಂಚಿನಲ್ಲಿ ಕೂತಿರೋರು ನಮ್ಮಂಥ ಮನೆಯ ಹುಡುಗರು. ಅದು ಚುಚ್ಚುತ್ತೆ, ಚುಚ್ಚಲಿ.

ಕೊನೆಯದು 'ಏಕಂ'. ಕರಾವಳಿಯ ಏಳು ಬೇರೆ ಬೇರೆ ಕತೆಗಳು. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ, ಆದರೂ ಒಂದೊಂದೇ ರಾತ್ರಿ ನೋಡೋಕೆ ಚೆನ್ನಾಗಿದೆ. ದೊಡ್ಡ ಒಟಿಟಿಗಳು ತೆಗೆದುಕೊಳ್ಳದೆ ಇದ್ದಾಗ ತಯಾರಕರೇ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಕನ್ನಡಕ್ಕೆ ನೋಡುಗರು ಕಡಿಮೆ ಅನ್ನೋ ಲೆಕ್ಕದಲ್ಲಿ ನಾವೂ ಸೇರಿದ್ದೀವಿ. ನಾವು ಹಣ ಕೊಟ್ಟು ನೋಡಿದರೆ ಆ ಲೆಕ್ಕ ಅಷ್ಟಾದರೂ ಬದಲಾಗುತ್ತೆ.

ಮಂಡ್ಯ, ಕೊಪ್ಪಳ, ಮಲೆನಾಡು, ಕರಾವಳಿ: ನಾಲ್ಕು ಕನ್ನಡ. ಸಬ್‌ಟೈಟಲ್ ಓದಿದರೆ ನಾಲ್ಕೂ ಒಂದೇ ಊರಿನವು. ಕತೆ ಸಿಗುತ್ತೆ, ಯಾರು ಯಾರಿಗೆ ಎಷ್ಟು ಹತ್ತಿರ ಅನ್ನೋದು ಸಿಗೋದಿಲ್ಲ. ನಮ್ಮ ಅಜ್ಜಿ ಫೋನಿನಲ್ಲಿ ಮಾತಾಡುವಾಗ ಕೆಳಗೆ ಅಕ್ಷರ ಬರೋದಿಲ್ಲವಲ್ಲ? ಅದಕ್ಕೇ ಒಂದು ಕೋರಿಕೆ. ಈ ವಾರ ಯಾವುದಾದರೂ ಕನ್ನಡ ಸಿನಿಮಾ ಹಾಕಿ. ಮೊದಲ ಹತ್ತು ನಿಮಿಷ ಸಬ್‌ಟೈಟಲ್ ಆಫ್ ಮಾಡಿ. ಅರ್ಥ ಆಗದ ಮೂರು ಮಾತು ಬರೆದಿಟ್ಟುಕೊಂಡು ಮನೆಯ ಹಿರಿಯರನ್ನ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ನಮಗೆ ಕಳಿಸಿ, ಮುಂದಿನ ಸಲ ಎಲ್ಲರೂ ಸೇರಿ ಹುಡುಕೋಣ.