ಹಾಸಿಗೆಯಿಂದ ಏಳದ ಪತ್ತೇದಾರ

 

ಬ್ರಿಟಿಷ್ ಪತ್ತೇದಾರ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಮಂಜು ಕವಿದ ಲಂಡನ್ ಬೀದಿ, ಕುದುರೆಗಾಡಿ, ಷರ್ಲಾಕ್ ಹೋಮ್ಸ್. ಇಲ್ಲಾಂದ್ರೆ ಸ್ವೆಟರ್ ಹೆಣೀತಾ ಕೂತಿರೋ ಮಿಸ್ ಮಾರ್ಪಲ್. ಪೊಯ್ರೋ ಅಂತ ಕೆಲವರು ಹೇಳ್ತೀರಿ, ಆದ್ರೆ ಆತ ಬೆಲ್ಜಿಯಂನವನು. ಫ್ರೆಂಚ್‌ನವನು ಅಂದ್ರಂತೂ ಸಿಟ್ಟಾಗ್ತಾನೆ. ಯಾರನ್ನೇ ತಗೊಳ್ಳಿ, ಪತ್ತೇದಾರ ಅಂದ್ಮೇಲೆ ಓಡಾಡಬೇಕು. ಹೆಣ ನೋಡಬೇಕು, ಕಾಲುಗುರುತು ಅಳೀಬೇಕು, ಬಾಗಿಲ ಹಿಂದೆ ನಿಂತು ಕೇಳಿಸ್ಕೋಬೇಕು. ನಮ್ಮ ಎನ್. ನರಸಿಂಹಯ್ಯನವರ ಪುರುಷೋತ್ತಮ ಆಗಲಿ, ಇಂಗ್ಲೆಂಡಿನವರಾಗಲಿ, ಈ ಕಸುಬಿನವರು ಕಾಲಿಗೆ ಕೆಲಸ ಕೊಡದೆ ಇದ್ದದ್ದು ಕಡಿಮೆ.

ಇವತ್ತು ಹೇಳೋ ಕಾದಂಬರಿಯಲ್ಲಿ ಪತ್ತೇದಾರ ಮೊದಲ ಪುಟದಲ್ಲಿ ಆಸ್ಪತ್ರೆ ಹಾಸಿಗೆ ಮೇಲೆ ಅಂಗಾತ ಮಲಗಿರ್ತಾನೆ. ಸೀಲಿಂಗಿನ ಬಿರುಕು ಎಣಿಸ್ತಿರ್ತಾನೆ. ಕತೆ ಮುಗಿಯೋವರೆಗೂ ಆ ಕೋಣೆ ಬಿಟ್ಟು ಆಚೆ ಬರಲ್ಲ. ಅವನು ಹಿಡೀಬೇಕಾದ ಕೊಲೆಗಾರ ಸತ್ತು ನಾಲ್ಕೂವರೆ ಶತಮಾನ ಆಗಿದೆ. ಸಾಕ್ಷಿಗಳೂ ಸತ್ತಿದಾರೆ. ಹೆಣ ಎಲ್ಲಿ ಅನ್ನೋದೇ ಖಾತ್ರಿ ಇಲ್ಲ. ಥ್ರಿಲ್ಲರ್ ಬರೆಯೋಕೆ ಇದಕ್ಕಿಂತ ಕೆಟ್ಟ ಐಡಿಯಾ ಇದೆಯಾ, ಹೇಳಿ? ಆದ್ರೆ 1990ರಲ್ಲಿ ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘ ಸಾರ್ವಕಾಲಿಕ ಶ್ರೇಷ್ಠ 100 ಕ್ರೈಮ್ ಕಾದಂಬರಿಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ.

ಹೆಸರು ‘ದಿ ಡಾಟರ್ ಆಫ್ ಟೈಮ್’. ಬಂದಿದ್ದು 1951ರಲ್ಲಿ. ಬರೆದವರು ಜೋಸೆಫಿನ್ ಟೇ. ಅದು ಕೂಡ ನಿಜವಾದ ಹೆಸರಲ್ಲ. ಅವರು ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನ ಎಲಿಜಬೆತ್ ಮ್ಯಾಕಿಂಟಾಷ್. ಹಣ್ಣಿನ ಅಂಗಡಿಯವರ ಮಗಳು, ಕೆಲಕಾಲ ಶಾಲೆಯಲ್ಲಿ ವ್ಯಾಯಾಮದ ಟೀಚರ್. ನಾಟಕಗಳನ್ನು ಗಾರ್ಡನ್ ಡೇವಿಯಟ್ ಅನ್ನೋ ಗಂಡಸಿನ ಹೆಸರಲ್ಲಿ ಬರೆದರು. ಈ ಪುಸ್ತಕ ಬಂದ ಮರುವರ್ಷವೇ ತೀರಿಕೊಂಡರು.

ಸರಿ, ಕತೆಗೆ ಬರೋಣ. ಸ್ಕಾಟ್ಲೆಂಡ್ ಯಾರ್ಡಿನ ಇನ್ಸ್‌ಪೆಕ್ಟರ್ ಆಲನ್ ಗ್ರಾಂಟ್ ಒಬ್ಬ ಕಳ್ಳನ್ನ ಅಟ್ಟಿಸ್ಕೊಂಡು ಹೋಗ್ವಾಗ ನೆಲದ ಕಿಂಡಿಯೊಳಗೆ ಬಿದ್ದು ಕಾಲು ಮುರ್ಕೊಂಡಿದಾನೆ. ಬೇಜಾರು ಕಳೆಯಲಿ ಅಂತ ನಟಿಯಾಗಿರೋ ಗೆಳತಿ ಹಳೇ ಚಿತ್ರಪಟಗಳ ಪ್ರತಿಗಳನ್ನು ತಂದ್ಕೊಡ್ತಾಳೆ. ಅದರಲ್ಲೊಂದು ಮುಖ ಅವನನ್ನು ಹಿಡಿದು ನಿಲ್ಲಿಸುತ್ತೆ. ನೋವುಂಡ, ಜವಾಬ್ದಾರಿ ಹೊತ್ತ ಮುಖ. ನ್ಯಾಯಾಧೀಶನಿರಬೇಕು ಅಂದ್ಕೊಂಡು ಹಿಂದೆ ತಿರುಗಿಸಿ ನೋಡಿದರೆ, ಮೂರನೇ ರಿಚರ್ಡ್!

ಈ ರಿಚರ್ಡ್ ಯಾರು ಅಂತ ಎರಡು ಮಾತು. 1483ರಲ್ಲಿ ಇಂಗ್ಲೆಂಡಿನ ರಾಜ ನಾಲ್ಕನೇ ಎಡ್ವರ್ಡ್ ಸತ್ತ. ಅವನ ಇಬ್ಬರು ಗಂಡುಮಕ್ಕಳು, ಹನ್ನೆರಡು ವರ್ಷದವನೊಬ್ಬ, ಒಂಬತ್ತರವನೊಬ್ಬ, ಟವರ್ ಆಫ್ ಲಂಡನ್‌ನಲ್ಲಿ ಇದ್ದರು. ಅವರ ಚಿಕ್ಕಪ್ಪನೇ ರಿಚರ್ಡ್. ಮಕ್ಕಳು ಕಾನೂನುಬದ್ಧ ವಾರಸುದಾರರಲ್ಲ ಅಂತ ಘೋಷಣೆಯಾಯ್ತು, ಚಿಕ್ಕಪ್ಪ ಪಟ್ಟಕ್ಕೇರಿದ. ಆ ಬೇಸಿಗೆಯ ನಂತರ ಹುಡುಗರನ್ನು ಯಾರೂ ನೋಡಲಿಲ್ಲ. ಎರಡೇ ವರ್ಷಕ್ಕೆ, 1485ರಲ್ಲಿ, ಬಾಸ್‌ವರ್ತ್ ಯುದ್ಧದಲ್ಲಿ ರಿಚರ್ಡ್ ಸತ್ತ. ಗೆದ್ದ ಹೆನ್ರಿ ಟ್ಯೂಡರ್ ರಾಜನಾದ. ಮುಂದೆ ಷೇಕ್ಸ್‌ಪಿಯರ್ ನಾಟಕ ಬರೆದ, ಗೂನುಬೆನ್ನಿನ ರಾಕ್ಷಸ ರಿಚರ್ಡ್ ಜನರ ಮನಸ್ಸಲ್ಲಿ ಖಾಯಂ ಆದ.

ಗ್ರಾಂಟ್ ಆ ಪಟವನ್ನು ಬಂದೋರಿಗೆಲ್ಲ ತೋರಿಸ್ತಾನೆ. ನರ್ಸಮ್ಮ ನೋಡಿ, ಇವನಿಗೆ ಲಿವರ್ ತೊಂದರೆ ಅಂತಾಳೆ. ಸರ್ಜನ್‌ಗೆ ಬಾಲ್ಯದ ಪೋಲಿಯೋ ಕಾಣುತ್ತೆ. ಸಾರ್ಜೆಂಟ್‌ಗೆ ನ್ಯಾಯಾಧೀಶ ಕಾಣ್ತಾನೆ. ಯಾರಿಗೂ ಕೊಲೆಗಾರ ಕಾಣಲ್ಲ. ಹೆಸರು ಗೊತ್ತಾದ ಮೇಲಷ್ಟೇ ಎಲ್ಲರ ದನಿ ಬದಲಾಗೋದು. ಅಲ್ಲಿಂದ ತನಿಖೆ ಶುರು. ನರ್ಸ್‌ಗಳ ಹಳೇ ಶಾಲಾ ಪಠ್ಯಪುಸ್ತಕ, ಆಮೇಲೆ ದಪ್ಪ ಇತಿಹಾಸ ಗ್ರಂಥ, ಆಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಓಡಾಡಿ ದಾಖಲೆ ಹುಡುಕಿ ತರೋ ಬ್ರೆಂಟ್ ಕ್ಯಾರಡೈನ್ ಅನ್ನೋ ಅಮೆರಿಕನ್ ಹುಡುಗ.

ನನಗೆ ತುಂಬಾ ಇಷ್ಟವಾದ ಜಾಗ ಯಾವುದು ಗೊತ್ತಾ? ಎಲ್ಲರೂ ಆಧಾರ ಅಂತ ತೋರಿಸೋ ಪುಸ್ತಕ ಸರ್ ಥಾಮಸ್ ಮೋರ್ ಬರೆದ ರಿಚರ್ಡ್ ಚರಿತ್ರೆ. ಮೋರ್ ದೊಡ್ಡ ಮನುಷ್ಯ, ಆಮೇಲೆ ಸಂತನಾದವನು, ಅವನ ಮಾತಿಗೆ ಎದುರು ಹೇಳೋರು ಯಾರು? ಗ್ರಾಂಟ್ ಓದ್ತಾ ಓದ್ತಾ ಬೆರಳು ಮಡಚಿ ಲೆಕ್ಕ ಹಾಕ್ತಾನೆ. ರಿಚರ್ಡ್ ರಾಜನಾದಾಗ ಈ ಮೋರ್‌ಗೆ ವಯಸ್ಸೆಷ್ಟು? ಐದು! ಐದು ವರ್ಷದ ಕೂಸು ಏನು ಕಂಡಿರುತ್ತೆ? ಅಂದ್ರೆ ಅದು ಕಣ್ಣಾರೆ ಕಂಡ ಸಾಕ್ಷಿ ಅಲ್ಲ, ಕೇಳಿದ ಮಾತು. ಕೇಳಿದ್ದು ಯಾರಿಂದ ಇರಬಹುದು? ಮೋರ್ ಬೆಳೆದಿದ್ದು ಜಾನ್ ಮಾರ್ಟನ್ ಮನೆಯಲ್ಲಿ. ಈ ಮಾರ್ಟನ್‌ನನ್ನು ರಿಚರ್ಡ್ ಬಂಧಿಸಿದ್ದ. ರಿಚರ್ಡ್ ಸತ್ತ ಮೇಲೆ ಹೆನ್ರಿ ಅವನನ್ನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮಾಡಿದ. ಪೊಲೀಸ್ ಠಾಣೆಗೆ ಇಂಥ ಸಾಕ್ಷಿ ಬಂದರೆ ರೈಟರ್ ಕೂಡ ಬರ್ಕೊಳ್ಳಲ್ಲ ಅನ್ನೋ ಹಾಗೆ ಗ್ರಾಂಟ್ ಸಿಡಿದೇಳ್ತಾನೆ. ಗನ್ನಿಲ್ಲ, ಚೇಸಿಂಗ್ ಇಲ್ಲ, ಬರೀ ಒಂದು ಕಳೆಯೋ ಲೆಕ್ಕ. ಆದ್ರೂ ಮೈ ಜುಂ ಅನ್ನುತ್ತೆ.

ಇನ್ನೊಂದು ಪ್ರಶ್ನೆ ಕೇಳ್ತಾನೆ. ಘಟನೆ ನಡೆದ ಮೇಲೆ ಯಾರ್ಯಾರು ಹೇಗೆ ನಡ್ಕೊಂಡರು? ಆ ಹುಡುಗರ ತಾಯಿ ಎಲಿಜಬೆತ್ ವುಡ್‌ವಿಲ್ ಚರ್ಚಿನ ಆಶ್ರಯದಲ್ಲಿದ್ದವಳು 1484ರ ಮಾರ್ಚ್‌ನಲ್ಲಿ ಹೊರಗೆ ಬಂದಳು, ಹೆಣ್ಣುಮಕ್ಕಳನ್ನು ರಿಚರ್ಡ್‌ನ ಕೈಗೆ ಒಪ್ಪಿಸಿದಳು. ಹೆತ್ತ ಮಕ್ಕಳನ್ನ ಕೊಂದವನ ಮನೆಯ ಹಬ್ಬಕ್ಕೆ ಯಾವ ತಾಯಿ ಮಗಳನ್ನ ಕಳಿಸ್ತಾಳೆ? ಗ್ರಾಂಟ್‌ನ ಕೈ ಹೆನ್ರಿ ಟ್ಯೂಡರ್ ಕಡೆ ತಿರುಗೋದು ಇಂಥ ಪ್ರಶ್ನೆಗಳಿಂದಲೇ.

ಮೊದಲ ಸಲ ಓದಿದಾಗ ನಾನು ಪೂರ್ತಿ ಗ್ರಾಂಟ್ ಪಾರ್ಟಿ. ರಿಚರ್ಡ್ ನಿರಪರಾಧಿ ಅಂತ ಸಿಕ್ಕಿದೋರಿಗೆಲ್ಲ ಭಾಷಣ ಬಿಗಿದಿದೀನಿ. ಎರಡನೇ ಸಲ ಓದುವಾಗ ಒಂದು ಚಪಲ ಬಂತು: ಗ್ರಾಂಟ್ ಬೇರೆಯವರಿಗೆ ಕೇಳೋ ಪ್ರಶ್ನೆಗಳನ್ನ ಗ್ರಾಂಟ್‌ಗೇ ಕೇಳಿದರೆ?

ಮೊದಲು ಆ ಮುಖ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರೋ ಆ ಚಿತ್ರವನ್ನ ರಿಚರ್ಡ್‌ನ ಎದುರು ಕೂತು ಬರೆದಿದ್ದಲ್ಲ. ಅವನು ಸತ್ತು ಸುಮಾರು ನೂರು ವರ್ಷದ ಮೇಲೆ, ಹಳೇ ಚಿತ್ರ ನೋಡಿ ಮಾಡಿದ ನಕಲು. ಆ ಕಣ್ಣಿನ ನೋವು ರಾಜನದೋ, ಕಲಾವಿದನ ಕುಂಚದ್ದೋ? ಮೋರ್‌ನ ಸಾಕ್ಷ್ಯ ಕೇಳಿದ ಮಾತಾದರೆ, ಇದು ಬಣ್ಣ ಹಚ್ಚಿದ ಕೇಳಿದ ಮಾತು, ಅಷ್ಟೇ.

ಆಮೇಲೆ ಆ ತಾಯಿ. ಅವಳ ಮೊದಲ ಮದುವೆಯ ಮಗ ರಿಚರ್ಡ್ ಗ್ರೇಯನ್ನು ಇದೇ ರಿಚರ್ಡ್ 1483ರ ಜೂನ್‌ನಲ್ಲಿ ತಲೆ ಕಡಿಸಿದ್ದ. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಅಂದ್ರೆ ತನ್ನ ಒಬ್ಬ ಮಗನನ್ನು ಕೊಂದವನು ಅಂತ ಗೊತ್ತಿದ್ದೂ ಆಕೆ ಹೊರಗೆ ಬಂದಳು. ಕೈಯಲ್ಲಿ ಹಣವಿಲ್ಲ, ಬೆಳೆದ ಹೆಣ್ಣುಮಕ್ಕಳಿದಾರೆ, ಎಷ್ಟು ದಿನ ಚರ್ಚಿನಲ್ಲಿ ಕೂರೋದು? ‘ಯಾವ ತಾಯಿ ಹೀಗೆ ಮಾಡ್ತಾಳೆ’ ಅನ್ನೋ ಪ್ರಶ್ನೆಗೆ ಉತ್ತರ, ಬೇರೆ ದಾರಿ ಇಲ್ಲದ ತಾಯಿ.

ಡೊಮಿನಿಕ್ ಮಾನ್ಚೀನಿ ಅನ್ನೋ ಇಟಲಿಯವನು 1483ರಲ್ಲಿ ಲಂಡನ್ನಿನಲ್ಲೇ ಇದ್ದ. ಹುಡುಗರು ದಿನದಿನಕ್ಕೆ ಕಾಣಿಸೋದು ಕಮ್ಮಿಯಾಗಿ ಕೊನೆಗೆ ಕಾಣಿಸಲೇ ಇಲ್ಲ, ಅವರ ಸುದ್ದಿ ಎತ್ತಿದರೆ ಜನ ಕಣ್ಣೀರಿಡ್ತಿದ್ದರು ಅಂತ ಅದೇ ವರ್ಷ ಬರೆದಿಟ್ಟ. ಆಗ ಹೆನ್ರಿ ಇನ್ನೂ ರಾಜನೇ ಆಗಿರಲಿಲ್ಲ. ಆ ಬರಹ ಅಚ್ಚಾಗಿದ್ದು 1936ರಲ್ಲಿ, ಕಾದಂಬರಿಗಿಂತ ಹದಿನೈದು ವರ್ಷ ಮೊದಲು. ಎಲ್ಲಾ ಕೆಟ್ಟ ಸುದ್ದಿ ಟ್ಯೂಡರ್‌ಗಳು ಹಬ್ಬಿಸಿದ್ದು ಅನ್ನೋ ವಾದಕ್ಕೆ ಇದು ದೊಡ್ಡ ಪೆಟ್ಟು.

ಪುಸ್ತಕದಲ್ಲಿ ‘ಟೋನಿಪಾಂಡಿ’ ಅಂತ ಒಂದು ಪದ ಬರುತ್ತೆ. ವೇಲ್ಸ್‌ನ ಗಣಿ ಊರಿನ ಹೆಸರು. 1910ರ ಮುಷ್ಕರದಲ್ಲಿ ಅಲ್ಲಿ ಸೈನಿಕರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು ಅನ್ನೋ ಕತೆ ಸುಳ್ಳು, ಅಲ್ಲಿದ್ದೋರಿಗೆ ಅದು ಸುಳ್ಳು ಅಂತ ಗೊತ್ತಿದ್ದೂ ಸುಮ್ಮನಿದ್ದರು ಅಂತಾನೆ ಗ್ರಾಂಟ್. ಇಂಥ ಕತೆಗಳಿಗೆಲ್ಲ ಅದನ್ನೇ ಅಡ್ಡಹೆಸರು ಮಾಡ್ಕೊಳ್ತಾನೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗ್ಗೆ ಆರಕ್ಕೆ ಬರೋ ಫಾರ್ವರ್ಡ್‌ಗಳಿಗೆ ಈ ಹೆಸರು ಇಡಬಹುದು ಅಂತ ನಾನೂ ಖುಷಿಪಟ್ಟಿದ್ದೆ. ಆದ್ರೆ ಇಲ್ಲೂ ತಿರುವಿದೆ. ಗುಂಡು ಹಾರಿಸಲಿಲ್ಲ ಅನ್ನೋದು ನಿಜ. ಆದರೆ ಸೈನ್ಯವನ್ನು ಆ ಪ್ರದೇಶಕ್ಕೆ ಕಳಿಸಿದ್ದೂ ನಿಜ, ಪೊಲೀಸರ ಜೊತೆಗಿನ ಘರ್ಷಣೆಯಲ್ಲಿ ತಲೆಗೆ ಪೆಟ್ಟು ಬಿದ್ದು ಒಬ್ಬ ಗಣಿ ಕಾರ್ಮಿಕ ಸತ್ತಿದ್ದೂ ನಿಜ. ಗ್ರಾಂಟ್ ಮಾತ್ರ ಒಂದೆರಡು ಮೂಗಲ್ಲಿ ರಕ್ತ ಬಂತು ಅಷ್ಟೇ ಅನ್ನೋ ಹಾಗೆ ಹೇಳಿ ಮುಂದೆ ಹೋಗ್ತಾನೆ. ಸುಳ್ಳು ಬಯಲು ಮಾಡೋಕೆ ಕೂತವನೇ ಅರ್ಧ ಸತ್ಯ ದಾಟಿಸಿಬಿಟ್ಟ!

ಇಷ್ಟಾದ್ರೂ ಈ ಪುಸ್ತಕ ನನ್ನ ಕಪಾಟಿನಿಂದ ಇಳಿದಿಲ್ಲ. ಮೋರ್‌ನ ವಯಸ್ಸು ಲೆಕ್ಕ ಹಾಕೋ ಚಟವನ್ನ ನನಗೆ ಹತ್ತಿಸಿದ್ದೇ ಗ್ರಾಂಟ್. ಆ ಚಟದಿಂದಲೇ ಅವನನ್ನೂ ಹಿಡಿದೆ. ಬೇರೆ ಪತ್ತೇದಾರಿ ಕಾದಂಬರಿಗಳಲ್ಲಿ ಕೊನೆಯ ಪುಟಕ್ಕೆ ಕೇಸ್ ಕ್ಲೋಸ್. ಇಲ್ಲಿ ಪುಸ್ತಕ ಮುಚ್ಚಿದ ಮೇಲೆ ನಮ್ಮ ಪಾಳಿ.

2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಅಗೆದಾಗ ರಿಚರ್ಡ್‌ನ ಅಸ್ಥಿಪಂಜರವೇ ಸಿಕ್ತು, ಸುದ್ದಿ ನೋಡಿರ್ತೀರಿ. ಡಿಎನ್‌ಎ ಹೊಂದಿಕೆಯಾಯ್ತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು. ಒಂದು ಭುಜ ಸ್ವಲ್ಪ ಮೇಲಿದ್ದಿರಬೇಕು, ಆದರೆ ಷೇಕ್ಸ್‌ಪಿಯರ್‌ನ ಗೂನು ಅಲ್ಲ. ಗೂನಿನ ಕತೆ ಪೂರ್ತಿ ಟ್ಯೂಡರ್ ಸೃಷ್ಟಿ ಅಂತಿದ್ದವರಿಗೂ ಸೋಲು, ರಾಕ್ಷಸ ಅಂತಿದ್ದವರಿಗೂ ಸೋಲು. 2015ರಲ್ಲಿ ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದರು.

ಆ ಹುಡುಗರು? 1674ರಲ್ಲಿ ಟವರ್‌ನ ಒಂದು ಮೆಟ್ಟಿಲ ಬುಡದಲ್ಲಿ ಮಕ್ಕಳ ಮೂಳೆ ಸಿಕ್ಕವು. ಅವರದೇ ಅಂತ ತಿಳಿದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಮೃತಶಿಲೆಯ ಕಲಶದಲ್ಲಿಟ್ಟಿದಾರೆ. 1933ರಲ್ಲಿ ಒಮ್ಮೆ ತೆರೆದು ನೋಡಿದರು. ಡಿಎನ್‌ಎ ಪರೀಕ್ಷೆ ಅನ್ನೋದು ಆಗ ಇರಲಿಲ್ಲ. ಈಗ ಪರೀಕ್ಷೆ ಮಾಡೋಣ ಅಂದ್ರೆ ಅನುಮತಿ ಸಿಕ್ಕಿಲ್ಲ. ಆ ಕಲಶ ಮುಚ್ಚಿಯೇ ಇದೆ.

ಪುಸ್ತಕ ಇನ್ನೂರು ಚಿಲ್ಲರೆ ಪುಟ, ಒಂದು ವೀಕೆಂಡ್ ಸಾಕು. ಓದಿ, ನಿಮ್ಮ ಅನುಮಾನ ಯಾರ ಮೇಲೆ ಅಂತ ಬರೆದು ಕಳಿಸಿ. ಸಿಗೋಣ.