ನವಿಲುತೀರ್ಥದ ಆಣೆಕಟ್ಟು ಮತ್ತು ನಾವು



ಶಾಲೆಯ ಐವತ್ತು ವರ್ಷಗಳ ಬಗ್ಗೆ ಎಲ್ಲರೂ ಚೆನ್ನಾಗಿ ಮಾತನಾಡಿದ್ದಾರೆ. ನಾನು ಶಾಲೆಯ ಓರಗೆಯದೇ ಆದ ಇನ್ನೊಂದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ನವಿಲುತೀರ್ಥದ ಆಣೆಕಟ್ಟು.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿ ಅಡ್ಡಗಟ್ಟೆ ಬಿತ್ತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯಕ್ಕೆ ತಾಯಿ ಯಲ್ಲಮ್ಮನ ಹೆಸರನ್ನೇ ಇಟ್ಟು ರೇಣುಕಾ ಸಾಗರ ಎಂದರು. ನದಿಯನ್ನು ಜನ ಬದಲಿಸಿದರು. ಆಮೇಲೆ ನದಿ ಜನರನ್ನು ಬದಲಿಸಿತು.

ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆದು ಮಳೆಯ ದಾರಿ ನೋಡುತ್ತಿದ್ದ ಎರೆಭೂಮಿಗೆ ಕಾಲುವೆ ಬಂತು. ಹತ್ತಿ, ಗೋವಿನಜೋಳ ಬಂದವು. ಹೊಲದ ಬೆಲೆ ಏರಿತು, ಮಕ್ಕಳು ಹೈಸ್ಕೂಲಿಗೆ ಬಂದರು. ಇದು ಸಣ್ಣ ಮಾತಲ್ಲ. ಆದರೆ ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಬಸಿಗಾಲುವೆ ಇಲ್ಲದ ಕಡೆ ಹೊಲಗಳು ಸವಳು-ಜವಳಾದವು. ಜಮೀನು ಸುಧಾರಿಸಿತೆಂದು ಸರಕಾರ ಅಭಿವೃದ್ಧಿ ಕರ ಹಾಕಿತು. ನೀರೇ ಮುಟ್ಟದ ಹೊಲದವನಿಗೂ ನೋಟೀಸು ಬಂದಾಗ ರೈತ ಸಿಟ್ಟಿಗೆದ್ದ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಒಂದು ಕಾಲುವೆ ರಾಜ್ಯದ ರಾಜಕಾರಣದ ದಿಕ್ಕನ್ನೇ ತಿರುಗಿಸಿತು.

ಅತ್ತ ಜಲಾಶಯದ ಮೇಲ್ಭಾಗದಲ್ಲಿ ಕಬ್ಬು, ಕೊಳವೆಬಾವಿ, ಪಂಪ್‌ಸೆಟ್ಟುಗಳು ಹೆಚ್ಚಿದವು. ಹುಬ್ಬಳ್ಳಿ-ಧಾರವಾಡಕ್ಕೂ ಕುಡಿಯುವ ನೀರು ಇಲ್ಲಿಂದಲೇ ಹೊರಟಿತು. ಜಲಾಶಯ ಹಲವು ವರ್ಷ ತುಂಬಲೇ ಇಲ್ಲ. ಆಗ ನಮ್ಮ ಕಣ್ಣು ಇನ್ನೊಂದು ನದಿಯ ಕಡೆ ಹೋಯಿತು. ಕಳಸಾ-ಬಂಡೂರಿಗಾಗಿ 2015ರಲ್ಲಿ ಮತ್ತೆ ನರಗುಂದದಲ್ಲೇ ರೈತರು ಧರಣಿ ಕೂತರು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಹಂಚಿಕೆ ಮಾಡಿತು.

ಇನ್ನು ಆಣೆಕಟ್ಟಿನ ಕೆಳಗೆ ನೋಡಿ. ಹೊಳೆ ಶಾಂತವಾಯಿತು, ಬೇಸಿಗೆಯಲ್ಲಿ ಬತ್ತಿತು. ಮಹಾಪೂರ ಮರೆತುಹೋಯಿತು. ದಂಡೆಯ ಹೊಲ ವರ್ಷಕ್ಕೆ ನಾಲ್ಕು ಸಾಲು ಮುಂದೆ ಸರಿದು ಹೊಳೆಯ ಪಾತ್ರದೊಳಗೇ ಇಳಿಯಿತು. ಅಗಲವಾಗಿದ್ದ ಹೊಳೆ ಅಲ್ಲಲ್ಲಿ ಹಳ್ಳದಷ್ಟಾಯಿತು. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಗೇಟು ತೆರೆದಾಗ ನೀರಿಗೆ ಹರಿಯಲು ಜಾಗವೇ ಇರಲಿಲ್ಲ. ಅದು ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿತು. ಅದೇ ದಂಡೆಯ ಜನ ಹಿಂದಿನ ಬೇಸಿಗೆಗಳಲ್ಲಿ ಕೊಡಕ್ಕಾಗಿ ಪಾಳಿ ನಿಂತವರು.

ನೀರು ಮತ್ತು ಸಮಾಜ ಹೀಗೆ ಒಂದನ್ನೊಂದು ತಿದ್ದುವುದನ್ನು ಓದುವ ಶಾಸ್ತ್ರವೇ ಇದೆ. ಮುರುಗೇಸು ಶಿವಪಾಲನ್ ಮತ್ತು ಸಂಗಡಿಗರು 2012ರಲ್ಲಿ ಅದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಸಮಾಜ-ಜಲವಿಜ್ಞಾನ ಎನ್ನಬಹುದು. ಅದು ಹೇಳುವ ಮುಖ್ಯ ಪಾಠ: ರಕ್ಷಣೆ ಹೆಚ್ಚಿದಷ್ಟೂ ಜನ ಹೊಳೆಗೆ ಹತ್ತಿರವಾಗುತ್ತಾರೆ, ಹತ್ತಿರವಾದಷ್ಟೂ ಹಾನಿ ದೊಡ್ಡದಾಗುತ್ತದೆ. ಆ ಪಾಠಕ್ಕೆ ನಮ್ಮ ಹೊಳೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಯಾರನ್ನೋ ದೂರಲು ಇದನ್ನು ಹೇಳುತ್ತಿಲ್ಲ. ಎರಡೆಕರೆಯವನು ಒಂದು ಸಾಲು ಹೆಚ್ಚು ಉತ್ತರೆ ಅದು ಅವನ ಹೊಟ್ಟೆಯ ಮಾತು. ಆದರೆ ಸಾವಿರ ಜನರ ಒಂದೊಂದು ಸಾಲು ಸೇರಿ ಹೊಳೆಯ ದಾರಿ ಮುಚ್ಚುತ್ತದೆ. ತೆರೆಯುವುದೂ ಎಲ್ಲರೂ ಸೇರಿದರೆ ಮಾತ್ರ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಎರಡೇ. ಒಂದು, ದಂಡೆಯ ಪಂಚಾಯತಿಗಳ ಗ್ರಾಮಸಭೆಗಳಲ್ಲಿ ಹೊಳೆಯ ಪಾತ್ರವನ್ನು ಅಳತೆ ಮಾಡಿ ಗಡಿಕಲ್ಲು ನೆಡಬೇಕೆಂದು ಠರಾವು ಮಾಡಿಸೋಣ. ಸಾಗುವಳಿ ಕಳೆದುಕೊಳ್ಳುವ ಬಡವನಿಗೆ ಬೇರೆ ದಾರಿಯನ್ನೂ ಅದೇ ಠರಾವಿನಲ್ಲಿ ಕೇಳೋಣ. ಎರಡು, ಈ ಶಾಲೆಗೆ ಒಂದು ಮಳೆಮಾಪಕ ಕೊಡೋಣ. ಮಕ್ಕಳು ದಿನಾಲೂ ಮಳೆ ಬರೆದಿಡಲಿ; ಊರೂರಿಗೆ ಹೋಗಿ 2019ರ ನೀರು ಏರಿದ ಎತ್ತರವನ್ನು ಗೋಡೆಗಳ ಮೇಲೆ ಬಣ್ಣದಲ್ಲಿ ಗುರುತಿಸಲಿ. ಮಹಾಪೂರ ಮತ್ತೆ ಮರೆತುಹೋಗಬಾರದು.

ಶಾಲೆಯ ಶತಮಾನೋತ್ಸವಕ್ಕೆ ಇಲ್ಲಿ ಕೂಡುವ ಮಕ್ಕಳಿಗೆ ಆ ಬಣ್ಣದ ಗೆರೆಯೂ ಕಾಣಲಿ, ಹೊಳೆಯೂ ಕಾಣಲಿ.