ಮಾದರಿ ಚರ್ಚ್ ಅಂದ್ರೆ ಯಾವುದು? ಹುಕ್ಕೇರಿಯಿಂದ ಒಂದು ಮಾತು

ನಾನು ಹುಕ್ಕೇರಿಯವನು. ಇವತ್ತಿನ ಪ್ರಶ್ನೆ ಸಣ್ಣದು. ಒಂದು ಕ್ರೈಸ್ತ ಸಭೆ, ಅಂದ್ರೆ ಚರ್ಚ್, ಬೇರೆಯವರಿಗೆ ಮಾದರಿ ಅನ್ನಿಸೋದು ಯಾವಾಗ? ಕಟ್ಟಡ ದೊಡ್ಡದಾದಾಗಲಾ? ಯೂಟ್ಯೂಬ್‌ನಲ್ಲಿ ಸಬ್‌ಸ್ಕ್ರೈಬರ್ ಹೆಚ್ಚಿದಾಗಲಾ?

ನಾನು ಇದರ ಉತ್ತರ ಕಲಿತದ್ದು ಒಬ್ಬ ಅಜ್ಜಿಯಿಂದ, ಬೈಸಿಕೊಂಡು.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಘಟಪ್ರಭಾ, ಹಿರಣ್ಯಕೇಶಿ ಎರಡೂ ಉಕ್ಕಿದವು. ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿತು. ನಮ್ಮದು ಬಾಡಿಗೆ ಕೋಣೆಯಲ್ಲಿ ಸೇರುವ ಸಣ್ಣ ಸಭೆ. ಹೊಸ ಸೌಂಡ್ ಸಿಸ್ಟಮ್‌ಗೆ ಅಂತ ಕೂಡಿಟ್ಟ ದುಡ್ಡಿತ್ತು. ಅದರಲ್ಲಿ ಅಕ್ಕಿ, ಜೋಳದ ಹಿಟ್ಟು, ಹೊದಿಕೆ ತಗೊಂಡು ನದಿ ದಂಡೆಯ ಒಂದು ಹಳ್ಳಿಗೆ ಹೋದೆವು. ಒಳ್ಳೇ ಕೆಲಸಾನೇ. ಆದರೆ ಜೊತೆಗೆ ನಮ್ಮ ಹೆಸರಿನ ಬ್ಯಾನರೂ ಇತ್ತು. ಮೊಬೈಲ್ ಹಿಡಿದು ಫೋಟೊ ತೆಗೆಯೋ ಕೆಲಸ ನಂದು.

ಸಾಲಿನಲ್ಲಿದ್ದ ಅಜ್ಜಿಗೆ ನಾನಂದೆ, 'ಅಜ್ಜಿ, ಸ್ವಲ್ಪ ಈ ಕಡೆ ನೋಡ್ರಿ.' ಆಕೆ ಚೀಲ ನೆಲಕ್ಕಿಟ್ಟಳು. 'ತಮ್ಮಾ, ಫೋಟೊದಾಗ ನಿಂತ್ರ ಅಷ್ಟ ಅಕ್ಕಿ ಕೊಡ್ತೀಯೇನ? ನಾಳೆ ನಿಮ್ಮ ಗುಡಿಗೂ ಬರಬೇಕೇನ?'

ನನ್ನ ಬಾಯಿ ಕಟ್ಟಿತು. ಬ್ಯಾನರ್ ಸುತ್ತಿ ಗಾಡಿಯಲ್ಲಿಟ್ಟೆವು. ಮರುದಿನ ಸಲಿಕೆ, ಬುಟ್ಟಿ ಹಿಡಿದು ಹೋಗಿ ಮನೆಗಳೊಳಗಿನ ಕೆಸರು ಬಳಿದೆವು. ನಾಲ್ಕು ದಿನ. ಒಂದು ಫೋಟೊನೂ ಇಲ್ಲ.

ಆಮೇಲೆ ನಾನು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರವನ್ನು ಮತ್ತೆ ಓದಿದೆ. ಬರೆದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ. ಥೆಸಲೋನಿಕ ಇವತ್ತಿನ ಗ್ರೀಸ್ ದೇಶದ ಬಂದರು ಪಟ್ಟಣ. ರೋಮನ್ನರ ಹೆದ್ದಾರಿ ಆ ಊರಿನ ಮೂಲಕವೇ ಹೋಗ್ತಿತ್ತು, ನಮ್ಮ ಸಂಕೇಶ್ವರದ ಮೂಲಕ ಪುಣೆ-ಬೆಂಗಳೂರು ಹೆದ್ದಾರಿ ಹೋದ ಹಾಗೆ. ಅಲ್ಲಿನ ಸಭೆ ಹೊಸದು. ಗಲಾಟೆಯಾಗಿ ಪೌಲ ರಾತ್ರೋರಾತ್ರಿ ಊರು ಬಿಡಬೇಕಾಯ್ತು. ಆದರೂ ಸುತ್ತಲಿನ ಸೀಮೆಗೆಲ್ಲ ನೀವು ಮಾದರಿಯಾದಿರಿ ಅಂತ ಅವನು ಬರೀತಾನೆ. ಯಾಕೆ? ದೊಡ್ಡ ಕಟ್ಟಡ ಅಂತ ಅಲ್ಲ. ನಂಬಿಕೆ ಕೆಲಸವಾಗಿ ಕಾಣ್ತು, ಪ್ರೀತಿ ದುಡಿಮೆಯಾಗಿ ಕಾಣ್ತು, ಕಷ್ಟದಲ್ಲಿ ಅವರು ಅಲ್ಲಾಡಲಿಲ್ಲ. ಸುದ್ದಿ ತಾನೇ ಹರಡಿತು, ಪೌಲ ಹೇಳಿಕೊಳ್ಳೋ ಅಗತ್ಯವೇ ಬೀಳಲಿಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ: ಗದ್ದಲವಿಲ್ಲದೆ ಬದುಕಿ, ಸ್ವಂತ ಕೈಯಿಂದ ದುಡಿಯಿರಿ, ಹೊರಗಿನವರ ಎದುರು ನಿಮ್ಮ ನಡತೆ ಮರ್ಯಾದೆಯದಾಗಿರಲಿ ಅನ್ನೋ ಅರ್ಥದ್ದು. ಪೌಲ ತಾನೂ ಯಾರಿಗೂ ಭಾರವಾಗಬಾರದು ಅಂತ ಹಗಲೂ ರಾತ್ರಿ ದುಡಿದವನು. ಕಾಯಕ, ದಾಸೋಹ ಕೇಳಿ ಬೆಳೆದ ನಮ್ಮ ಸೀಮೆಗೆ ಇದೇನು ಹೊಸದಲ್ಲ.

ನಮ್ಮದೇ ಜಿಲ್ಲೆಯ ದೇಶನೂರು ನೋಡಿ, ಬೈಲಹೊಂಗಲ ಕಡೆಯದು. ಅಲ್ಲಿ ಜೆಸ್ವಿಟ್ ಪಾದ್ರಿಗಳು ಕಾವಿ ತೊಟ್ಟು, ಸಸ್ಯಾಹಾರಿಗಳಾಗಿ, ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠ ಕಟ್ಟಿಕೊಂಡು ಹಳ್ಳಿಯವರ ನಡುವೆಯೇ ಬಾಳಿದರು. 2019ರಲ್ಲೇ ಬೆಳಗಾವಿ ಬಿಷಪ್ ಡೆರಿಕ್ ಫರ್ನಾಂಡಿಸ್ ಅಲ್ಲಿ ಕಾವಿ ತೊಟ್ಟ ಫೋಟೊಗಳು ಜಾಲತಾಣದಲ್ಲಿ ಹರಿದಾಡಿ ದೊಡ್ಡ ಚರ್ಚೆಯಾಯ್ತು. ಕಾವಿ ಸರಿಯೋ ತಪ್ಪೋ ಅಂತ ನಾನು ತೀರ್ಪು ಕೊಡಲ್ಲ. ಬಟ್ಟೆಯೊಂದರಿಂದಲೇ ಯಾರೂ ಮಾದರಿ ಆಗಲ್ಲ. ಆದರೆ ಊರಿನ ಅನ್ನ, ಊರಿನ ಭಾಷೆ, ಊರಿನ ಬಡತನ ಹಂಚಿಕೊಂಡು ವರ್ಷಗಟ್ಟಲೆ ಇರೋದು ಫೋಟೊಗೆ ಸಿಗುವಂಥದ್ದಲ್ಲ.

ಹಾಗಾಗಿ ನಮ್ಮ ಸಭೆಗೆ ನಾನು ಈಗ ಮೂರು ಪ್ರಶ್ನೆ ಕೇಳ್ತೀನಿ. ಕಾಣಿಕೆಯ ಲೆಕ್ಕ ಎಲ್ಲರ ಮುಂದೆ ಓದ್ತೀವಾ? ಜಾತಿ ಕೇಳದೆ ಒಂದೇ ಚಾಪೆ ಮೇಲೆ ಕೂತು, ಒಂದೇ ಪಾತ್ರೆಯಿಂದ ಉಣ್ತೀವಾ? ನಾವು ನಾಳೆ ಊರು ಬಿಟ್ಟರೆ, ಪ್ರಾರ್ಥನೆಗೆ ಯಾವತ್ತೂ ಬಾರದ ನೆರೆಯವರಿಗೆ ಬೇಜಾರಾಗುತ್ತಾ? ಮೂರಕ್ಕೂ 'ಹೌದು' ಅನ್ನೋಕೆ ನಮಗಿನ್ನೂ ಆಗಿಲ್ಲ. ಮೊದಲನೆಯದನ್ನು ಶುರು ಮಾಡಿದೀವಿ.

2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ ಮತಾಂತರ ವಿರೋಧಿ ಮಸೂದೆಯ ಚರ್ಚೆ ನಡೀತಿತ್ತು. ನಮ್ಮಂಥ ಸಣ್ಣ ಸಭೆಗಳ ಮೇಲೆ ಅನುಮಾನದ ಕಣ್ಣು ಬಿದ್ದ ಕಾಲ. ಆ ಹಳ್ಳಿಯ ಕಟ್ಟೆ ಮೇಲೆ ಯಾರೋ ನಮ್ಮ ಬಗ್ಗೆ ಕೇಳಿದರಂತೆ, ಇವರ್ಯಾರು, ಇವರಿಗೇನು ಬೇಕು ಅಂತ. ಅದೇ ಅಜ್ಜಿ ಅಲ್ಲೇ ಇದ್ದಳಂತೆ.

'ಅವ್ರೇನ್? ನನ್ನ ಮನ್ಯಾಗಿನ ಕೆಸರು ಬಳದವ್ರು' ಅಂದಳಂತೆ.

ಆಕೆ ಇವತ್ತಿಗೂ ನಮ್ಮ ಪ್ರಾರ್ಥನೆಗೆ ಬಂದಿಲ್ಲ. ಬರಲಿ ಅಂತ ನಾವು ಕರೆದೂ ಇಲ್ಲ. ಆ ಕಡೆ ಹೋದಾಗ ಆಕೆಯ ಮನೇಲಿ ಚಹಾ ಮಾತ್ರ ತಪ್ಪಲ್ಲ.